‘40’ ಅಂದರೆ ಎಷ್ಟು? ಯೆಜ್ಡಿ ಬಳಗದ ಒಂದು ಎಡವಟ್ಟು

ಕಳೆದ ಬೇಸಿಗೆಯ ಒಂದು ಭಾನುವಾರ. ಬಸವೇಶ್ವರನಗರದ ಹೋಟೆಲೊಂದರಲ್ಲಿ ಖಾಲಿ ದೋಸೆ ತಿನ್ನುತ್ತಾ ಮೊಬೈಲ್ ನೋಡ್ತಿದ್ದೆ. ನಮ್ಮ ಯೆಜ್ಡಿ ವಾಟ್ಸ್ಆ್ಯಪ್ ಗುಂಪಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಕೇಳಿದ್ದ: “ಅಣ್ಣ, ರೋಡ್‌ಕಿಂಗ್‌ಗೆ ಪೆಟ್ರೋಲ್ ಜೊತೆ ಆಯಿಲ್ ಎಷ್ಟು ಹಾಕ್ಬೇಕು?”

ವಾರಕ್ಕೆ ಒಬ್ಬರಾದರೂ ಕೇಳುವ ಪ್ರಶ್ನೆ ಇದು. ಆಗಲೇ ನಾಲ್ಕು ನಗುವ ಇಮೋಜಿ ಬಿದ್ದಿದ್ದವು. ಒಬ್ಬರು “ಮೊದ್ಲು ಹಳೇ ಮೆಸೇಜ್ ಓದಪ್ಪಾ” ಅಂದಿದ್ದರು. ನಾನು “40” ಅಂತ ಟೈಪ್ ಮಾಡಿ, ಒಂದು ನಗುವ ಮುಖ ಅಂಟಿಸಿ, ಕಾಫಿ ಹೇಳಿದೆ.

ನನ್ನ ತಲೆಯಲ್ಲಿದ್ದದ್ದು ಲೀಟರಿಗೆ 40 ಎಂ.ಎಲ್. ಅವನು ತಿಳಿದುಕೊಂಡಿದ್ದು 40ಕ್ಕೆ 1. ಲೆಕ್ಕ ಹಾಕಿ ನೋಡಿ. ಲೀಟರಿಗೆ 40 ಎಂ.ಎಲ್. ಅಂದರೆ 25ಕ್ಕೆ 1. 40ಕ್ಕೆ 1 ಅಂದರೆ ಲೀಟರಿಗೆ ಬರೀ 25 ಎಂ.ಎಲ್. ಸಾಲದ್ದಕ್ಕೆ, ಅವನ ಗಾಡಿಗೆ ಹಿಂದಿನ ವಾರವಷ್ಟೇ ಕಾಮಾಕ್ಷಿಪಾಳ್ಯದ ಲೇತ್‌ನಲ್ಲಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ್ದರು. ಅದನ್ನ ಅವನು ಹೇಳಲಿಲ್ಲ, ನಾವು ಯಾರೂ ಕೇಳಲಿಲ್ಲ.

ಆವತ್ತು ಸಂಜೆ ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಸ್ವಲ್ಪ ಜೋರಾಗೇ ಹೋಗಿದ್ದಾನೆ. ಇಂಜಿನ್‌ನಿಂದ ಕಿಣಿಕಿಣಿ ಸದ್ದು, ಎಳೆತ ಕಮ್ಮಿ, ಮರುಕ್ಷಣ ಪಿಸ್ಟನ್ ಜಾಮ್. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ಜಾರಿದೆ. ಹಿಂದೆ ಲಾರಿ. ಅದೃಷ್ಟಕ್ಕೆ ಎಡಗೈ ತಾನಾಗೇ ಕ್ಲಚ್ ಹಿಡಿದಿದೆ, ಗಾಡಿ ಉರುಳಿಕೊಂಡು ಪಕ್ಕದ ಮಣ್ಣಿಗೆ ಹೋಗಿ ನಿಂತಿದೆ. ಮೊಣಕಾಲು ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ರಾತ್ರಿ ಗುಂಪಿನಲ್ಲಿ ಅವನು ಹಾಕಿದ ಪಿಸ್ಟನ್ ಫೋಟೋಗೆ ಯಾರೂ ನಗುವ ಇಮೋಜಿ ಹಾಕಲಿಲ್ಲ.

ಟು-ಸ್ಟ್ರೋಕ್ ಗೊತ್ತಿಲ್ಲದವರಿಗೆ ಒಂದು ಮಾತು. ಈಗಿನ ಬೈಕ್‌ಗಳಲ್ಲಿ ಇಂಜಿನ್ ಆಯಿಲ್ ಕೆಳಗೆ ಬೇರೆಯೇ ಇರುತ್ತೆ. ಇವಕ್ಕೆ ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ಲೇ ಪಿಸ್ಟನ್‌ಗೆ ಜಿಡ್ಡು. ಅದು ಕಮ್ಮಿಯಾದರೆ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತೆ. ಹೊಸ ಬೋರ್ ಆದರೆ ಜಾಗ ಇನ್ನೂ ಬಿಗಿ. ಅದಕ್ಕೇ ಮೊದಲ ಕೆಲವು ನೂರು ಕಿಲೋಮೀಟರ್ ಆಯಿಲ್ ಒಂಚೂರು ಜಾಸ್ತಿ, ವೇಗ ಕಮ್ಮಿ. ಉದ್ದ ಇಳಿಜಾರಲ್ಲಿ ಆ್ಯಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿಯೋದೂ ತಪ್ಪು, ಪೆಟ್ರೋಲ್ ಹೋಗದಿದ್ದರೆ ಆಯಿಲ್ಲೂ ಹೋಗಲ್ಲ.

ಈ ಗಾಡಿಗಳು ನಮ್ಮ ಮೈಸೂರಿನವು. 1961ರಲ್ಲಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಹೊರಬಂತು, 70ರ ದಶಕದಲ್ಲಿ ಯೆಜ್ಡಿ ಅನ್ನೋ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಂಪನಿ ಸರ್ವಿಸ್ ಸೆಂಟರ್ ಅನ್ನೋದೇ ಇಲ್ಲದೆ ಇಷ್ಟು ವರ್ಷ ಇವು ಓಡಿದ್ದು ಮೆಕ್ಯಾನಿಕ್‌ಗಳ ಕೈಯಿಂದ ಮತ್ತು ಓನರ್‌ಗಳ ಬಾಯಿಮಾತಿಂದ. 2018ರಲ್ಲಿ ಜಾವಾ ಹೆಸರಲ್ಲಿ ಹೊಸ ಬೈಕ್ ಬಂತು, ಆದರೆ ಅದು ಫೋರ್-ಸ್ಟ್ರೋಕ್. ಅಪ್ಪನ ಕಾಲದ ಗಾಡಿಗೆ ಅದರ ಮ್ಯಾನ್ಯುಯಲ್ ಉಪಯೋಗಕ್ಕೆ ಬರಲ್ಲ. ಬಾಯಿಮಾತೇ ಮ್ಯಾನ್ಯುಯಲ್ ಆದಾಗ “40” ಅಂತ ಎಸೆದು ಹೋಗೋಕಾಗಲ್ಲ.

ವಿಜಯನಗರದಲ್ಲಿ ನಮ್ಮಪ್ಪನ ಗಾಡಿ ನೋಡ್ತಿದ್ದ ಮೇಸ್ತ್ರಿ ಒಬ್ಬರಿದ್ದಾರೆ. ಅವರಿಗೆ ವಿಷಯ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ. “ಗಾಡಿ ನೋಡ್ದೆ ನಾನೇ ಅಳತೆ ಹೇಳಲ್ಲ ಕಣಪ್ಪ, ನೀನು ಹೇಳ್ಬುಟ್ಯಾ?” ಅಂದರು ಅಷ್ಟೆ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಅವರ ಅಭ್ಯಾಸ ಗಮನಿಸಿದರೆ, ಪಾನಾ ಮುಟ್ಟೋ ಮುಂಚೆ ಪ್ರಶ್ನೆ ಶುರು. ಬೋರ್ ಆಗಿ ಎಷ್ಟು ದಿನ ಆಯ್ತು? ಯಾವ ಆಯಿಲ್? ಗಾಡಿ ಎಷ್ಟು ದಿನ ನಿಂತಿತ್ತು? ಈ ಕೊನೆಯದು ಈಗ ಇನ್ನೂ ಮುಖ್ಯ, ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ಈಗ ಶೇ. 20ರಷ್ಟು ಎಥೆನಾಲ್. ಅದು ತೇವ ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ಪೈಪನ್ನ ಹಾಳು ಮಾಡುತ್ತೆ. ತಿಂಗಳುಗಟ್ಟಲೆ ನಿಲ್ಲಿಸೋದಿದ್ದರೆ ಟ್ಯಾಂಕ್, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡೋದು ವಾಸಿ. ಸ್ಟಾರ್ಟ್ ಆಗ್ತಿಲ್ಲ ಅಂದರೆ ಮೊದಲು ಪ್ಲಗ್ ಬಿಚ್ಚಿ ನೋಡಿ, ಆಮೇಲೆ ಪಾಯಿಂಟ್ ಗ್ಯಾಪ್, ಸುಮಾರು 0.4 ಎಂ.ಎಂ. ಕಾರ್ಬೊರೇಟರ್‌ಗೆ ಕೈ ಹಾಕೋದು ಕೊನೆಗೆ. ನಮ್ಮ ಗುಂಪಲ್ಲಿ ಎಲ್ಲರೂ ಮೊದಲೇ ಕಾರ್ಬೊರೇಟರ್‌ಗೆ ಹಾರ್ತಾರೆ, ಯಾಕೋ ಗೊತ್ತಿಲ್ಲ!

ಕೇಳುವವರದ್ದೂ ಸ್ವಲ್ಪ ತಪ್ಪಿರುತ್ತೆ. “ಗಾಡಿ ಸೌಂಡ್ ಬರ್ತಿದೆ, ಏನ್ ಮಾಡ್ಲಿ” ಅಂತ ಒಂದೇ ಸಾಲು ಬರೆದರೆ ಯಾರು ತಾನೇ ಏನು ಹೇಳ್ತಾರೆ? ಇನ್ನು ಕೆಲವರು ಸಲಹೆ ತಗೊಂಡು ಮಾಯ. ಸರಿಹೋಯ್ತೋ ಇಲ್ವೋ ಅಂತ ಬಂದು ಹೇಳಿದರೆ ಮುಂದಿನವನಿಗೆ ಉಪಕಾರ. ಇಬ್ಬರ ಸಲಹೆ ಬೇರೆ ಬೇರೆಯಾದಾಗ “ನಿಮ್ ಮೆಕ್ಯಾನಿಕ್ ದಡ್ಡ” ಅನ್ನೋದು ಮಾತ್ರ ಬೇಡ. ಆ ಮೆಕ್ಯಾನಿಕ್ ಗಾಡಿ ನೋಡಿದ್ದಾನೆ, ನಾವು ನೋಡಿಲ್ಲ.

ಮತ್ತೆ ಬೋರ್ ಮಾಡಿಸಿದ ಖರ್ಚು ನಾನು ಕೊಡ್ತೀನಿ ಅಂದೆ. ಹುಡುಗ ಒಪ್ಪಲಿಲ್ಲ. ಕೊನೆಗೆ ಎಂ.ಎಲ್. ಗೆರೆ ಇರೋ ಅಳತೆ ಲೋಟ ಎರಡು ತಂದು, ಒಂದು ಅವನಿಗೆ ಕೊಟ್ಟೆ. ಜುಲೈ ಎರಡನೇ ಭಾನುವಾರ, ಜಾವಾ ದಿನದ ರೈಡ್‌ಗೆ ಇಬ್ಬರೂ ಹೊರಟಾಗ ರಾಜಾಜಿನಗರದ ಬಂಕಿನಲ್ಲಿ ಅವನು ಅದನ್ನ ಬೆಳಕಿಗೆ ಹಿಡಿದು, ಎರಡು ಸಲ ನೋಡಿ ಸುರಿದ. ಹಿಂದೆ ಕ್ಯೂನಲ್ಲಿದ್ದ ಸ್ಕೂಟರಿನವರು ಹಾರನ್ ಹೊಡೀತಾನೇ ಇದ್ದರು.