ಬಿಕ್ಕಟ್ಟುಗಳು ಬರೆದ ಸಿಲಬಸ್

25 ನಿಮಿಷದಲ್ಲಿ 80 ಪ್ರಶ್ನೆ. ಒಂದೊಂದಕ್ಕೆ 19 ಸೆಕೆಂಡೂ ಸಿಗುವುದಿಲ್ಲ, ತಪ್ಪಾದರೆ ಕಾಲು ಭಾಗ ಅಂಕ ಕಡಿತ. ರಿಸರ್ವ್ ಬ್ಯಾಂಕಿನ ‘ಗ್ರೇಡ್ ಬಿ’ ಅಧಿಕಾರಿ ಹುದ್ದೆಗೆ ಕೂರುವವರು ಮೊದಲ ಹಂತದ ಸಾಮಾನ್ಯ ಜ್ಞಾನ ವಿಭಾಗದಲ್ಲಿ ಎದುರಿಸುವ ಲೆಕ್ಕ ಇದು. ರೀಸನಿಂಗ್, ಗಣಿತ, ಇಂಗ್ಲಿಷ್ ಸೇರಿ ಒಟ್ಟು 200 ಅಂಕ. ಇಷ್ಟು ಓಡಿ ಗಳಿಸಿದ ಅಂಕ ಕೊನೆಯ ಆಯ್ಕೆಪಟ್ಟಿಗೆ ಬರುವುದೇ ಇಲ್ಲ. ಕಟ್‌ಆಫ್ ದಾಟಿಸುವುದಷ್ಟೇ ಅದರ ಕೆಲಸ.

ಅಸಲಿ ಪೈಪೋಟಿ ಎರಡನೇ ಹಂತದ್ದು. ಆರ್ಥಿಕ ಮತ್ತು ಸಾಮಾಜಿಕ ವಿಷಯಗಳು, ಇಂಗ್ಲಿಷ್ ಬರವಣಿಗೆ, ಹಣಕಾಸು ಮತ್ತು ಮ್ಯಾನೇಜ್‌ಮೆಂಟ್ ಎಂಬ ಮೂರು ಪತ್ರಿಕೆಗಳಿಗೆ ತಲಾ 100 ಅಂಕ. ಓದುವವರ ಬಾಯಲ್ಲಿ ಮೊದಲನೆಯದು ‘ಇಎಸ್‌ಐ’, ಕೊನೆಯದು ‘ಎಫ್‌ಎಂ’. ಆಮೇಲೆ 75 ಅಂಕದ ಸಂದರ್ಶನ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೆಎಎಸ್, ಪಿಎಸ್‌ಐ, ಪಿಡಿಒ ಅಂತ ಓದುವವರ ನಡುವೆ ಈ ಪರೀಕ್ಷೆಯ ಹುಚ್ಚು ಹತ್ತಿಸಿಕೊಂಡವರು ಕಡಿಮೆ. ಹತ್ತಿಸಿಕೊಂಡವರ ಮೊದಲ ಗೊಣಗಾಟ ಮಾತ್ರ ಒಂದೇ: ಇಎಸ್‌ಐ ಸಿಲಬಸ್ ಅರ್ಧ ಪುಟವೂ ಇಲ್ಲ, ಓದಲು ಹೊರಟರೆ ತುದಿಯೂ ಇಲ್ಲ.

ಈ ಸಿಲಬಸ್ಸನ್ನು ಯಾರೋ ಒಬ್ಬರು ಕುಳಿತು ಬರೆದದ್ದು ಅಂತ ನನಗೆ ಅನ್ನಿಸುವುದಿಲ್ಲ. ಮಗನ ಮದುವೆಗೊಂದು, ಮೊಮ್ಮಗಳ ಬಾಣಂತನಕ್ಕೊಂದು ಕೋಣೆ ಸೇರಿಸುತ್ತ ಹೋದ ಹಳೇ ಮನೆಯ ಹಾಗಿದೆ ಅದು. ದೇಶ ಒಂದೊಂದು ಸಲ ಮುಗ್ಗರಿಸಿದಾಗಲೂ ಬ್ಯಾಂಕಿನ ಹೆಗಲಿಗೆ ಹೊಸ ಹೊಣೆ ಬಿತ್ತು. ಆ ಹೊಣೆ ಸ್ವಲ್ಪ ತಡವಾಗಿ ಪ್ರಶ್ನೆಪತ್ರಿಕೆಗೆ ಇಳಿಯಿತು.

ಬ್ಯಾಂಕ್ ಹುಟ್ಟಿದಾಗ ಪರೀಕ್ಷೆಯ ಮಾತೇ ಇರಲಿಲ್ಲ. 1926ರ ಹಿಲ್ಟನ್ ಯಂಗ್ ಆಯೋಗದ ಶಿಫಾರಸು, 1934ರ ಕಾಯ್ದೆ, 1935ರ ಏಪ್ರಿಲ್ 1ರಂದು ಕೆಲಸದ ಆರಂಭ. ನೋಟಿನ ಕೆಲಸ ಸರ್ಕಾರದ ಕರೆನ್ಸಿ ಇಲಾಖೆಯಿಂದ, ಸರ್ಕಾರದ ಲೆಕ್ಕ ಮತ್ತು ಸಾಲದ ವ್ಯವಹಾರ ಇಂಪೀರಿಯಲ್ ಬ್ಯಾಂಕಿನಿಂದ ಬಂದವು. ಮೊದಲ ಗವರ್ನರ್ ಆಸ್ಬರ್ನ್ ಸ್ಮಿತ್ ಬಂದದ್ದೂ ಇಂಪೀರಿಯಲ್ ಬ್ಯಾಂಕಿನಿಂದಲೇ. ಅವರ ನಂತರ ಆ ಕುರ್ಚಿ ಬಹುಕಾಲ ಐಸಿಎಸ್‌ನವರದ್ದಾಯಿತು. ಜೇಮ್ಸ್ ಟೇಲರ್, ಮೊದಲ ಭಾರತೀಯ ಗವರ್ನರ್ ಸಿ.ಡಿ. ದೇಶಮುಖ್, ನಮ್ಮ ಕರಾವಳಿ ಮೂಲದ ಮನೆತನದ ಬೆನಗಲ್ ರಾಮರಾವ್, ಎಚ್.ವಿ.ಆರ್. ಅಯ್ಯಂಗಾರ್ ಎಲ್ಲರೂ ಅದೇ ಸೇವೆಯವರು. ಬ್ಯಾಂಕಿನೊಳಗೇ ಬೆಳೆದವರೊಬ್ಬರು ಅಲ್ಲಿ ಕೂರಲು 1977ರವರೆಗೆ ಕಾಯಬೇಕಾಯಿತು. 1950ರಲ್ಲಿ ಸಂಶೋಧನಾ ಅಧಿಕಾರಿಯಾಗಿ ಸೇರಿದ್ದ ಎಂ. ನರಸಿಂಹಂ ಗವರ್ನರ್ ಆದರು, ಅದೂ ಏಳು ತಿಂಗಳ ಮಟ್ಟಿಗೆ.

ನಗರದ ಹಣಕಾಸು ನೋಡಿಕೊಳ್ಳುವ ಬ್ಯಾಂಕಿನ ಪರೀಕ್ಷೆಯಲ್ಲಿ ಬಡತನ, ಗ್ರಾಮೀಣ ಸಾಲ, ಸಾಮಾಜಿಕ ರಚನೆ ಏಕೆ? ಉತ್ತರ ಮೂಲ ಕಾಯ್ದೆಯಲ್ಲೇ ಇದೆ. ಬ್ಯಾಂಕಿನಲ್ಲಿ ಕೃಷಿ ಸಾಲಕ್ಕಾಗಿ ಪ್ರತ್ಯೇಕ ವಿಭಾಗ ಇರಬೇಕೆಂದು ಅದರ 54ನೇ ಕಲಂ ಹೇಳಿತ್ತು. ಕೇಂದ್ರ ಬ್ಯಾಂಕೊಂದು ಹುಟ್ಟುವಾಗಲೇ ರೈತನ ಸಾಲವನ್ನು ಕಟ್ಟಿಕೊಂಡು ಬಂದದ್ದು ಸಣ್ಣ ಸಂಗತಿಯಲ್ಲ. ಆ ವಿಭಾಗಕ್ಕೆ ಹಳ್ಳಿಯ ನಿಜಸ್ಥಿತಿ ಕಾಣಿಸಿದ್ದು ಎ.ಡಿ. ಗೋರ್ವಾಲಾ ನೇತೃತ್ವದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯಲ್ಲಿ. ರೈತರು ಎತ್ತುತ್ತಿದ್ದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಸುಮಾರು ಶೇ 3, ಲೇವಾದೇವಿಯವರದ್ದು ಶೇ 70ರ ಹತ್ತಿರ ಎಂದು 1954ರ ವರದಿ ಹೇಳಿತು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿ ಅರ್ಧ ಶತಮಾನವಾಗುತ್ತ ಬಂದಿದ್ದರೂ ದೇಶದ ಲೆಕ್ಕ ಹೀಗಿತ್ತು. ಇಎಸ್‌ಐ ಪತ್ರಿಕೆಯ ಗ್ರಾಮೀಣ ಭಾಗದ ಬೇರು ಈ ಶೇ 3ರಲ್ಲಿದೆ.

ಅಧಿಕಾರಿಗಳ ಆಯ್ಕೆಗೆಂದೇ ರಿಸರ್ವ್ ಬ್ಯಾಂಕ್ ಸೇವಾ ಮಂಡಳಿ ಬಂದದ್ದು 1968ರಲ್ಲಿ. ಮರುವರ್ಷದ ಜುಲೈ 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ, ಉಡುಪಿಯ ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿ ಸೇರಿದ್ದವು. ಅದೇ ಡಿಸೆಂಬರಿನಲ್ಲಿ ಲೀಡ್ ಬ್ಯಾಂಕ್ ಯೋಜನೆ, ಮುಂದೆ ಆದ್ಯತಾ ವಲಯದ ಸಾಲದ ಗುರಿ. ಇವತ್ತು ಎರಡು ಅಂಕದ ಪ್ರಶ್ನೆಯಾಗಿ ಬರುವ ಈ ಹೆಸರುಗಳ ಹಿಂದೆ ಹಳ್ಳಿಹಳ್ಳಿಗೆ ಶಾಖೆ ತೆರೆಸಿದ ಗದ್ದಲವಿದೆ, ಅದನ್ನು ತಪಾಸಣೆ ಮಾಡಬೇಕಾದ ಅಧಿಕಾರಿಗಳ ಓಡಾಟವಿದೆ.

1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ, ಆ ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಅಡವಿಗೆಂದು ಹೊರದೇಶಕ್ಕೆ ಹೋಯಿತು. ಚಿನ್ನ ಅಡವಿಡುವುದೆಂದರೆ ಏನೆಂದು ನಮ್ಮ ಜನಕ್ಕೆ ಯಾವ ಅರ್ಥಶಾಸ್ತ್ರಜ್ಞನೂ ವಿವರಿಸಬೇಕಾಗಿರಲಿಲ್ಲ. ಹಿಂದೆಯೇ ಅದೇ ನರಸಿಂಹಂ ಅವರ ಸಮಿತಿಯ ವರದಿ, 1998ರಲ್ಲಿ ಇನ್ನೊಂದು. ವಸೂಲಾಗದ ಸಾಲ, ಬಂಡವಾಳ ಪ್ರಮಾಣ ಎಂಬ ಮಾತುಗಳು ಬ್ಯಾಂಕಿನ ನಿತ್ಯದ ಭಾಷೆಯಾದವು. ಎಫ್‌ಎಂ ಪತ್ರಿಕೆಯ ಅರ್ಧ ಶಬ್ದಕೋಶ ಅಲ್ಲಿಂದ ಬಂದದ್ದು. 2008ರ ಜಾಗತಿಕ ಕುಸಿತದ ನಂತರ, 2010ರಲ್ಲಿ ಹಣಕಾಸು ಸ್ಥಿರತೆಯ ವರದಿ ಶುರುವಾಯಿತು. ಬೆಲೆಯೇರಿಕೆ ಕಾಡಿದ ಮೇಲೆ ಊರ್ಜಿತ್ ಪಟೇಲ್ ಸಮಿತಿ 2014ರಲ್ಲಿ ವರದಿ ಕೊಟ್ಟಿತು. 2016ರಲ್ಲಿ ಆರು ಜನರ ಹಣಕಾಸು ನೀತಿ ಸಮಿತಿ ಬಂತು. ಹಣದುಬ್ಬರದ ಗುರಿ ಶೇ 4, ಮೇಲೆ ಕೆಳಗೆ ಶೇ 2ರಷ್ಟು ಸಡಿಲ. ದಿವಾಳಿ ಸಂಹಿತೆ ಬಂದದ್ದೂ ಅದೇ ವರ್ಷ. 2022ರ ಡಿಸೆಂಬರ್ 1ರಂದು ಡಿಜಿಟಲ್ ರೂಪಾಯಿಯನ್ನು ಜನಬಳಕೆಗೆ ಪ್ರಯೋಗಿಸಿದ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಅದೂ ಈಗ ನೋಟ್ಸಿನಲ್ಲಿದೆ.

ಇದರ ನಡುವೆ ಮ್ಯಾನೇಜ್‌ಮೆಂಟ್ ಏಕೆ ಬಂತು ಎಂದು ತಲೆ ಕೆರೆದುಕೊಳ್ಳುವವರಿದ್ದಾರೆ. ನೇರವಾಗಿ ಮ್ಯಾನೇಜರ್ ದರ್ಜೆಗೆ ಸೇರುವವರು ತಮಗಿಂತ ವಯಸ್ಸಿನಲ್ಲಿ ಹಿರಿಯರಾದ ಸಿಬ್ಬಂದಿಯಿಂದ ಕೆಲಸ ತೆಗೆಯಬೇಕಲ್ಲ. ಮಾಸ್ಲೋನ ಪಿರಮಿಡ್ ಉರು ಹೊಡೆದರೆ ಅದು ಬರುತ್ತದೆಯೇ ಎಂಬ ಅನುಮಾನ ನನಗಂತೂ ಇದೆ.

ಓದಿಗೆ ಆಸರೆಯಾಗಲೆಂದು ಬ್ಯಾಂಕಿನ ಅಧಿಸೂಚನೆಗಳು ಕೆಲವು ಪುಸ್ತಕ, ಪತ್ರಿಕೆಗಳನ್ನು ಸೂಚಿಸುತ್ತ ಬಂದಿವೆ. ಭಾರತದ ಅರ್ಥವ್ಯವಸ್ಥೆಗೆ ಉಮಾ ಕಪಿಲಾ, ಅಭಿವೃದ್ಧಿಗೆ ದೇವರಾಜ್ ರೇ, ಸಮಾಜಶಾಸ್ತ್ರಕ್ಕೆ ಸಿ.ಎನ್. ಶಂಕರರಾವ್. ಕೊನೆಯವರು ಮಂಗಳೂರಿನವರು, ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಕನ್ನಡದಲ್ಲಿ ಓದಿದವರಿಗೆ ಹಳೆಯ ಪರಿಚಯ. ನಿಯತಕಾಲಿಕೆಗಳ ಸಾಲಿನಲ್ಲಿ ಬೆಂಗಳೂರಿನಿಂದ ಬರುವ ‘ಸದರ್ನ್ ಎಕನಾಮಿಸ್ಟ್’ ಕೂಡ ಇದೆ. ಆದರೂ ಪಳಗಿದವರು ಹೆಚ್ಚು ಓದುವುದು ಬ್ಯಾಂಕಿನ ವಾರ್ಷಿಕ ವರದಿ, ಬ್ಯಾಂಕಿಂಗ್ ಪ್ರಗತಿಯ ವರದಿ, ಆರ್ಥಿಕ ಸಮೀಕ್ಷೆ, ಬಜೆಟ್ ಕಡತಗಳನ್ನೇ. ಸರ್ಕಾರದ ವರದಿಯನ್ನು ಅಡಿಟಿಪ್ಪಣಿ ಸಮೇತ ಓದುವ ಚಟ ಇಪ್ಪತ್ತೆರಡರ ವಯಸ್ಸಿಗೇ ಹತ್ತಿದರೆ, ಕೆಲಸ ಸಿಗಲಿ ಬಿಡಲಿ, ಅದು ನಷ್ಟದ ಬಾಬ್ತಲ್ಲ.

2021ರಿಂದ ಇಎಸ್‌ಐ, ಎಫ್‌ಎಂ ಎರಡರಲ್ಲೂ ಅರ್ಧ ಅಂಕ ಬಹು ಆಯ್ಕೆ ಪ್ರಶ್ನೆಗಳಿಗೆ, ಇನ್ನರ್ಧ ವಿವರವಾದ ಉತ್ತರಗಳಿಗೆ. ಆ ಉತ್ತರಗಳನ್ನು ಕೀಬೋರ್ಡಿನಲ್ಲೇ ಟೈಪಿಸಬೇಕು: 90 ನಿಮಿಷ, ಆರರಲ್ಲಿ ನಾಲ್ಕು. ಕೈಬರಹ ಮುದ್ದಾಗಿದ್ದವರ ಅನುಕೂಲ ಹೋಯಿತು, ಬೆರಳು ಪಳಗಿದವರಿಗೆ ದಾರಿಯಾಯಿತು. ಭಾಷೆ ಇಂಗ್ಲಿಷ್ ಅಥವಾ ಹಿಂದಿ, ಕನ್ನಡಕ್ಕೆ ಅವಕಾಶವಿಲ್ಲ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2019ರ ಜುಲೈನಲ್ಲಿ ನಿರ್ಮಲಾ ಸೀತಾರಾಮನ್ ಪ್ರಕಟಿಸಿದ್ದರು. ಆ ಉದಾರತೆ ಈ ಮೆಟ್ಟಿಲಿನವರೆಗೆ ಏರಿಲ್ಲ. ಕನ್ನಡ ಮಾಧ್ಯಮದವರು ಇಲ್ಲಿ ಒಂದೇ ಹೊತ್ತಿಗೆ ಎರಡು ಪರೀಕ್ಷೆ ಬರೆಯುತ್ತಾರೆ: ಹಣದುಬ್ಬರದ್ದೊಂದು, ಇಂಗ್ಲಿಷಿನದ್ದೊಂದು. ಹಿಂದಿ ಸೀಮೆಯವರಿಗೆ ಎರಡನೆಯದರ ಭಾರ ಅರ್ಧಕ್ಕರ್ಧ ಕಡಿಮೆ. ಅಧಿಕಾರಿಗೆ ಇಂಗ್ಲಿಷ್ ಬೇಕೆಂಬುದು ಒಪ್ಪುವ ಮಾತೇ, ಅದಕ್ಕೆಂದೇ ಬೇರೆ ಪತ್ರಿಕೆ ಇದೆಯಲ್ಲ.

ಹುದ್ದೆಗಳ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ. 2020ರಲ್ಲಿ ಅಧಿಸೂಚನೆಯೇ ಬರಲಿಲ್ಲ. 2021ರಲ್ಲಿ ಗ್ರೇಡ್ ಬಿಯ ಎಲ್ಲ ವಿಭಾಗ ಸೇರಿ 322, 2023ರಲ್ಲಿ 291, 2024ರಲ್ಲಿ ದಿಢೀರನೆ 94, 2025ರಲ್ಲಿ 120. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 30, ಆರು ಅಟೆಂಪ್ಟ್. ಹೀಗಾಗಿ ಬುದ್ಧಿವಂತರು ನಬಾರ್ಡ್, ಸೆಬಿ ಅರ್ಜಿಗಳನ್ನೂ ಜೊತೆಗೇ ಹಾಕಿರುತ್ತಾರೆ. ಇಎಸ್‌ಐ ನೋಟ್ಸ್ ನಬಾರ್ಡಿಗೂ ಒದಗುವುದು ಆಕಸ್ಮಿಕವಲ್ಲ: 1982ರಲ್ಲಿ ಆ ಸಂಸ್ಥೆ ಹುಟ್ಟಿದಾಗ ರಿಸರ್ವ್ ಬ್ಯಾಂಕಿನ ಅದೇ ಕೃಷಿ ಸಾಲ ವಿಭಾಗದ ಕೆಲಸ ಅದರ ಪಾಲಿಗೆ ಹೋಗಿತ್ತು. ಮಣ್ಣು, ನೀರಾವರಿ, ಪಶುಸಂಗೋಪನೆಯ ಪಾಠವನ್ನಷ್ಟೇ ಹೊಸದಾಗಿ ಓದಿಕೊಂಡರೆ ಸಾಕು.