ಜೀಪಿನ ಮೇಲೆ ಸೋಲಾರ್: ಹಾಕಿಸುವ ಮುಂಚೆ ಇಷ್ಟು ಕೇಳಿ

ಕಾಡಂಚಿನಲ್ಲಿ ಟೆಂಟ್ ಹಾಕಿ, ರಾತ್ರಿಯಿಡೀ ಗಾಡಿಯ ಬ್ಯಾಟರಿಯಲ್ಲೇ ಫ್ರಿಜ್ ಓಡಿಸಿದರೆ, ಬೆಳಗ್ಗೆ ಸ್ಟಾರ್ಟರ್ ತಿರುಗದೇ ಹೋಗಬಹುದು. ಅದಕ್ಕೇ ಎರಡನೇ ಬ್ಯಾಟರಿ.

100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್ ಅವರ್ ಇರುತ್ತದೆ. ಮೇಲೆ 200 ವ್ಯಾಟ್ ಪ್ಯಾನೆಲ್ ಇಟ್ಟರೆ, ಐದು ಗಂಟೆಯ ಒಳ್ಳೆ ಬಿಸಿಲಿಗೆ ಲೆಕ್ಕದಲ್ಲಿ 1,000. ಕೈಗೆ ಸಿಗುವುದು 700ರ ಆಸುಪಾಸು. ಉಳಿದದ್ದನ್ನು ಬಿಸಿ, ಧೂಳು, ನೆರಳು ತಿನ್ನುತ್ತವೆ.

ಈ ನೆರಳನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಪ್ಯಾನೆಲ್ಲಿನ ಸೆಲ್‌ಗಳು ಸರಪಳಿಯ ಹಾಗೆ ಜೋಡಿಕೊಂಡಿರುತ್ತವೆ. ಒಂದು ಕೊಂಬೆಯ ನೆರಳು ಬಿದ್ದರೂ ಕರೆಂಟು ಸೊರಗುತ್ತದೆ. ಸಕಲೇಶಪುರದ ಮರಗಳ ಕೆಳಗೆ ನಿಲ್ಲಿಸುವವರಿಗೆ ನಾನು ಹೇಳುವುದು ಉದ್ದ ಕೇಬಲ್ಲಿನ ಮಡಚುವ ಪ್ಯಾನೆಲ್. ಗಾಡಿ ತಂಪಲ್ಲಿ, ಪ್ಯಾನೆಲ್ ಬಿಸಿಲಲ್ಲಿ.

ಪ್ಯಾನೆಲ್ಲಿಗೂ ಬ್ಯಾಟರಿಗೂ ಮಧ್ಯೆ, ಚಾರ್ಜ್ ನಿಯಂತ್ರಿಸುವ ಎಂಪಿಪಿಟಿ ಕಂಟ್ರೋಲರ್ ಇರಲಿ. ಮೊದಲು ಅದಕ್ಕೆ ಬ್ಯಾಟರಿ ಜೋಡಿಸಿ, ಆಮೇಲೆ ಪ್ಯಾನೆಲ್. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಬೇಕೇ ಬೇಕು: ಕಲ್ಲುದಾರಿಯ ಕುಲುಕಾಟಕ್ಕೆ ವೈರ್ ಸವೆದು ಗಾಡಿಯ ಲೋಹದ ಮೈಗೆ ತಾಗಿದರೆ ಬೆಂಕಿ!

ಬಿಸಿಲು ಕಡಿಮೆಯಿರುವ ಮಳೆಗಾಲಕ್ಕೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. ಎಂಜಿನ್ ಓಡುವಾಗಲೇ ಎರಡನೇ ಬ್ಯಾಟರಿಯೂ ತುಂಬುತ್ತದೆ. ಹಿಮಾಲಯದ ಚಳಿಗೆ, ಸ್ಪಿತಿ ಕಡೆ ಹೊರಟಿದ್ದೀರಾ? ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದರೆ ಒಳಗೇ ಹಾಳಾಗುತ್ತದೆ. ಅದನ್ನು ಕ್ಯಾಬಿನ್ ಒಳಗೆ, ನಿಮ್ಮ ಜೊತೆ ಬೆಚ್ಚಗೆ ಇಟ್ಟುಕೊಳ್ಳಿ.