ಕೋಳಿ ಕೂಗುವ ಮೊದಲೇ ಏಳಬೇಕೆ? ಬೆಳಗಿನ ಬೈಬಲ್ ಓದಿನ ಸುತ್ತ ಕೆಲವು ತಪ್ಪು ಕಲ್ಪನೆಗಳು

ಕನಕಪುರ ತಾಲ್ಲೂಕಿನ ಹಾರೋಬೆಲೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಕಪಾಲಬೆಟ್ಟದ ಮೇಲೆ 114 ಅಡಿಯ ಯೇಸು ಪ್ರತಿಮೆ ನಿಲ್ಲಿಸುವ ಯೋಜನೆ, 2019ರ ಕ್ರಿಸ್‌ಮಸ್ ಹೊತ್ತಿಗೆ ಅದರ ಸುತ್ತ ಎದ್ದ ಗದ್ದಲ. ಆ ಮಾತು ಇಲ್ಲಿ ಬೇಡ. ಈ ಸೀಮೆಯ ಕ್ರೈಸ್ತ ಮನೆಗಳಲ್ಲಿ ಪ್ರತಿವರ್ಷ ಜನವರಿ 1ಕ್ಕೆ ಶುರುವಾಗಿ, ಶಿವರಾತ್ರಿಯ ಚಳಿ ಬಿಡುವ ಮೊದಲೇ ನಿಂತುಹೋಗುವ ಒಂದು ಸಂಗತಿಯಿದೆ: ಬೆಳಗ್ಗೆ ಎದ್ದು ಬೈಬಲ್ ಓದಿ ಪ್ರಾರ್ಥಿಸುತ್ತೇನೆಂಬ ಸಂಕಲ್ಪ. ನಿಂತದ್ದಕ್ಕೆ ಎಲ್ಲರೂ ಕೊಡುವ ಕಾರಣ ಸೋಮಾರಿತನ. ನನ್ನ ಅನುಮಾನ ಬೇರೆ. ಎಷ್ಟೋ ಮನೆಗಳಲ್ಲಿ ಅಭ್ಯಾಸವನ್ನು ಕೆಡಿಸಿದ್ದು, ಅದರ ಬಗ್ಗೆ ನಾವೇ ಕಟ್ಟಿಕೊಂಡ ಕಟ್ಟುಪಾಡುಗಳು.

ತಪ್ಪು ಕಲ್ಪನೆ: ನಸುಕಿನ ನಾಲ್ಕಕ್ಕೆ ಎದ್ದರೇ ಪ್ರಾರ್ಥನೆ ಸಲ್ಲುವುದು.

ಇದಕ್ಕೆ ಆಧಾರವಾಗಿ ಎಲ್ಲರೂ ತೋರಿಸುವುದು ಮಾರ್ಕನ ಮೊದಲ ಅಧ್ಯಾಯದ 35ನೇ ವಚನವನ್ನು. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಊರಾಚೆಯ ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸಿದ ಸಂದರ್ಭ ಅದು. ಆದರೆ ಅದಕ್ಕೆ ಎರಡೇ ವಚನ ಹಿಂದೆ ಹೋಗಿ ನೋಡಿ. ಹಿಂದಿನ ಸಂಜೆ ಊರಿಗೆ ಊರೇ ರೋಗಿಗಳನ್ನು ಹೊತ್ತುಕೊಂಡು ಬಂದು ಬಾಗಿಲಲ್ಲಿ ನೆರೆದಿತ್ತು. ಮುಂದಕ್ಕೆ ಹೋದರೆ, ಪೇತ್ರ ಮತ್ತು ಸಂಗಡಿಗರು ಹುಡುಕಿಕೊಂಡು ಬಂದೇಬಿಟ್ಟರು. ಆತನಿಗೆ ಪುರುಸೊತ್ತು ಸಿಕ್ಕಿದ್ದು ಆ ಹೊತ್ತಿನಲ್ಲಿ, ಆದ್ದರಿಂದ ಆ ಹೊತ್ತಿನಲ್ಲೇ ಎದ್ದ. ಅದೇ ಬೈಬಲಿನಲ್ಲಿ ಇಸಾಕ ಸಂಜೆ ಹೊಲದಲ್ಲಿ ಧ್ಯಾನಿಸುತ್ತಾನೆ, ದಾನಿಯೇಲ ದಿನಕ್ಕೆ ಮೂರು ಹೊತ್ತು ಮೊಣಕಾಲೂರುತ್ತಾನೆ, ಪೌಲ ಮತ್ತು ಸೀಲರು ಸೆರೆಮನೆಯಲ್ಲಿ ನಡುರಾತ್ರಿ ಹಾಡುತ್ತಾರೆ.

ನಮ್ಮ ಜಿಲ್ಲೆಯ ಬೆಳಗು ಯಾರ ಕೈಯಲ್ಲಿದೆ ಎಂಬುದನ್ನೂ ಯೋಚಿಸಬೇಕು. ರೇಷ್ಮೆ ಮನೆಯವರನ್ನೇ ತೆಗೆದುಕೊಳ್ಳಿ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು, ಮುಂದಿನ ಒಂದು ವಾರದಲ್ಲಿ ತನ್ನ ಆಯುಷ್ಯದ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚು ತಿನ್ನುತ್ತದೆ. ಆ ವಾರ ಮನೆಮಂದಿಯೆಲ್ಲ ಸೊಪ್ಪಿನ ತೋಟಕ್ಕೂ ಹುಳುವಿನ ಮನೆಗೂ ಅಲೆಯುವುದೇ ಆಯಿತು. ಆಗ ನಸುಕಿಗೆ ಎದ್ದು ಅರ್ಧಗಂಟೆ ಕೂತು ಓದು ಎಂದರೆ ಯಾರು ಓದುತ್ತಾರೆ? ಆ ದಿನಗಳಿಗೆ ಒಂದು ಕೀರ್ತನೆ ಸಾಕು. 117ನೇ ಕೀರ್ತನೆಯಲ್ಲಿ ಇರುವುದೇ ಎರಡು ವಚನ. ಹುಳು ಜ್ವರಕ್ಕೆ ಕೂತರೆ ಹೆಚ್ಚುಕಡಿಮೆ ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಉದ್ದದ ಅಧ್ಯಾಯ ಇಟ್ಟುಕೊಳ್ಳುವುದಾದರೆ ಅಂಥ ದಿನಕ್ಕೆ ಇಟ್ಟುಕೊಳ್ಳಿ. ಬಿಡದಿಯ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವನಿಗೆ ಬೆಳಗು ಎಂದರೆ ಮಲಗುವ ಹೊತ್ತು. ಅವನು ಮಧ್ಯಾಹ್ನ ಎದ್ದು ಮುಖ ತೊಳೆದು ಓದಿದರೆ ಅದೇ ಅವನ ಬೆಳಗಿನ ಓದು.

ಬೆಳಗಿಗೊಂದು ಅನುಕೂಲ ಇರುವುದು ನಿಜ. ದಿನದ ತಂಟೆಗಳು ಇನ್ನೂ ಶುರುವಾಗಿರುವುದಿಲ್ಲ. ಆದರೆ ಗಡಿಯಾರಕ್ಕಿಂತ ಗಟ್ಟಿಯಾಗಿ ಹಿಡಿದು ನಿಲ್ಲಿಸುವುದು ದಿನಾ ತಪ್ಪದೆ ನಡೆಯುವ ಇನ್ನೊಂದು ಕೆಲಸ. ಡೈರಿಗೆ ಹಾಲು ಹಾಕಿ ಬಂದ ಮೇಲೆ, ಕಾಫಿ ಲೋಟ ಕೆಳಗಿಟ್ಟ ಮೇಲೆ, ಮಕ್ಕಳು ಸ್ಕೂಲ್ ವ್ಯಾನ್ ಹತ್ತಿದ ಮೇಲೆ ಎಂದು ಒಂದಕ್ಕೊಂದು ಗಂಟು ಹಾಕಿದರೆ ಮರೆಯುವುದು ಕಷ್ಟ.

ತಪ್ಪು ಕಲ್ಪನೆ: 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದೆ, ನಡುವೆ ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಎಣಿಸಬೇಕು.

ಉಪದೇಶದಲ್ಲೂ ವಾಟ್ಸಾಪಿನಲ್ಲೂ ಓಡಾಡುವ ಈ 21ರ ಮೂಲ ಬೈಬಲಿನಲ್ಲಿಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರ ತನ್ನ ಪುಸ್ತಕದಲ್ಲಿ, ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು ಬರೆದ. ಬಾಯಿಂದ ಬಾಯಿಗೆ ಬರುವಾಗ ‘ಕಡಿಮೆಯೆಂದರೂ’ ಉದುರಿಹೋಯಿತು, ಮುಖದ ಮಾತು ಎಲ್ಲ ಅಭ್ಯಾಸಗಳ ಮಾತಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕೆಲಸ ತಾನೇತಾನಾಗಿ ನಡೆಯುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕೆಂದು ಕಂಡುಬಂತು. ಆದರೆ ಆಳಿಂದಾಳಿಗೆ ಲೆಕ್ಕ 18ರಿಂದ 254 ದಿನದವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿಸಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಿರಲಿಲ್ಲ.

ಹಾಗಾಗಿ ಹಬ್ಬಕ್ಕೆ ನೆಂಟರು ಬಂದು ನಾಲ್ಕು ದಿನ ಓದು ನಿಂತಿತೋ, ಐದನೆಯ ದಿನ ಆ ದಿನದ ಪಾಲನ್ನಷ್ಟೇ ಓದಿ. ಬಾಕಿ ತೀರಿಸಲು ಹೊರಡಬೇಡಿ. ಇದು ಸಂಘದ ಸಾಲವಲ್ಲ.

ತಪ್ಪು ಕಲ್ಪನೆ: ಆದಿಕಾಂಡದಿಂದ ಹಿಡಿದು ಪ್ರಕಟನೆಯವರೆಗೆ ವರುಷದಲ್ಲಿ ಮುಗಿಸಬೇಕು.

ಲೆಕ್ಕ ಹಾಕಿ ನೋಡೋಣ. 66 ಪುಸ್ತಕಗಳ ಬೈಬಲಿನಲ್ಲಿ 1,189 ಅಧ್ಯಾಯಗಳಿವೆ. ಕಥೋಲಿಕರ 73 ಪುಸ್ತಕಗಳಾದರೆ ಇನ್ನೂ ಹೆಚ್ಚು. ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಆದಿಕಾಂಡದ 50, ವಿಮೋಚನಾಕಾಂಡದ 40 ಅಧ್ಯಾಯ ಮುಗಿಸಿ ಸಂಕ್ರಾಂತಿ ಕಳೆದ ಎರಡು ವಾರಕ್ಕೆ ಸರಿಯಾಗಿ ಯಾಜಕಕಾಂಡಕ್ಕೆ ಬರುತ್ತೀರಿ. ಯೋಸೇಫನ ಕಥೆ ಓದಿದ ರುಚಿಗೆ, ಮುಂದೆ ಬಲಿಯ ವಿಧಿಗಳೂ ಚರ್ಮರೋಗದ ನಿಯಮಗಳೂ ಎದುರಾಗುತ್ತವೆ. ಸಂಕಲ್ಪಗಳು ಮುಗ್ಗರಿಸುವುದು ಇಲ್ಲೇ. ಯಾಜಕಕಾಂಡ ಬೇಡವೆಂದು ನಾನು ಹೇಳುತ್ತಿಲ್ಲ, ಹೊಸಬರಿಗೆ ಅದು ಬಾಗಿಲಲ್ಲ. 16 ಅಧ್ಯಾಯದ ಮಾರ್ಕನಿಂದ ಶುರುಮಾಡಿದರೆ ದಿನಕ್ಕೊಂದರಂತೆ 16 ದಿನಕ್ಕೆ ಒಂದು ಪುಸ್ತಕ ಮುಗಿಯುತ್ತದೆ. ನಾಲ್ಕೂ ಶುಭಸಂದೇಶಗಳು ಸೇರಿ 89 ಅಧ್ಯಾಯ, ಮೂರು ತಿಂಗಳ ಓದು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ. ತಾರೀಖು ನೋಡಿಕೊಂಡು ಓದಬಹುದು, ಗುರುತಿನ ದಾರವೂ ಬೇಡ.

ತಪ್ಪು ಕಲ್ಪನೆ: ಬೈಬಲ್ ಓದುವುದು ಪ್ರೊಟೆಸ್ಟೆಂಟರ ಕೆಲಸ, ನಮಗೆ ಪೂಜೆ, ಜಪಸರ ಸಾಕು.

ನಮ್ಮ ಕಡೆಯ ಹಳೇ ಕಥೋಲಿಕ ಮನೆಗಳಲ್ಲಿ ಇದನ್ನು ಕೇಳಿಯೇ ಬೆಳೆದವರಿದ್ದಾರೆ. ಪೂಜೆ ಲ್ಯಾಟಿನಿನಲ್ಲಿ ನಡೆಯುತ್ತಿದ್ದ ಕಾಲದ ಪಳೆಯುಳಿಕೆ ಇದು. ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ‘ದೇಯಿ ವೆರ್ಬುಂ’ ಎಂಬ ದಸ್ತಾವೇಜಿನಲ್ಲಿ, ಶ್ರೀಗ್ರಂಥ ಎಲ್ಲ ವಿಶ್ವಾಸಿಗಳ ಕೈಗೂ ಸಿಗಬೇಕು, ಅವರು ಅದನ್ನು ಮೇಲಿಂದ ಮೇಲೆ ಓದಬೇಕು, ಓದಿನ ಜೊತೆ ಪ್ರಾರ್ಥನೆ ಇರಬೇಕು ಎಂದು ಬಿಡಿಸಿ ಹೇಳಿದೆ. ಜಪಸರ ಬಿಡಬೇಕಿಲ್ಲ. ಆಯಾ ದಿನದ ಬಲಿಪೂಜೆಗೆ ಗೊತ್ತಾದ ಶುಭಸಂದೇಶದ ಭಾಗವನ್ನೇ ಮನೆಯಲ್ಲಿ ಓದಿದರೆ, ಆ ದಿನ ಲೋಕದ ಮೂಲೆಮೂಲೆಯ ಚರ್ಚುಗಳಲ್ಲಿ ಓದುವ ಭಾಗವನ್ನೇ ಮಾಗಡಿಯ ನಿಮ್ಮ ಜಗಲಿಯಲ್ಲೂ ಓದಿದಂತಾಗುತ್ತದೆ. ಏನು ಓದಲಿ ಎಂಬ ತಲೆನೋವೂ ಇಲ್ಲ.

ತಪ್ಪು ಕಲ್ಪನೆ: ಅಕ್ಷರ ಬಾರದವರಿಗೆ ಇದು ದಕ್ಕುವುದಿಲ್ಲ.

ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರ ಸುಮಾರಿಗೆ, ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಶ್ರಮದಿಂದ. ಯೇಸುಸಭೆಯ ಲಿಯೊನಾರ್ಡೊ ಸಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ ಆರಂಭಿಸಿದ್ದು 17ನೇ ಶತಮಾನದ ನಡುಭಾಗದಲ್ಲಿ. ನಡುವಿನ ಅಷ್ಟೂ ಕಾಲ ಈ ಸೀಮೆಯ ಕ್ರೈಸ್ತರ ಮನೆಯಲ್ಲಿ ಅಚ್ಚಿನ ಕನ್ನಡ ಬೈಬಲ್ ಇರಲಿಲ್ಲ. ಪ್ರಾರ್ಥನೆ ಕಿವಿಯಿಂದ ಬಂದು ಬಾಯಿಪಾಠವಾಗಿ ನಿಂತಿತು. ಮೊಮ್ಮಗಳು ಓದಲಿ, ಅಜ್ಜಿ ಕೇಳಲಿ. ಮೂರನೆಯ ದಿನ ತಪ್ಪಿದ ಹೆಸರನ್ನು ತಿದ್ದುವವಳು ಅಜ್ಜಿಯೇ ಆಗಿರುತ್ತಾಳೆ.

ತಪ್ಪು ಕಲ್ಪನೆ: ಪ್ರಾರ್ಥನೆ ಉದ್ದವಾಗಿರಬೇಕು, ಗ್ರಂಥದ ಭಾಷೆಯಲ್ಲಿರಬೇಕು.

ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆಂಬ ಭ್ರಮೆ ಬೇಡವೆಂದು ಮತ್ತಾಯನ ಆರನೇ ಅಧ್ಯಾಯದಲ್ಲಿ ಯೇಸುವೇ ಎಚ್ಚರಿಸಿದ್ದಾನೆ. ನಾವೋ ಕಣ್ಣು ಮುಚ್ಚಿದೊಡನೆ ಮನೆಮಾತು ಬಿಟ್ಟು, ‘ದಯಾಪರನೂ ಸರ್ವಶಕ್ತನೂ ಆದ’ ಎಂದು ಇನ್ಯಾರದೋ ಕಂಠದಲ್ಲಿ ಶುರುಮಾಡುತ್ತೇವೆ. ದೇವರನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ಎಂಬುದರಲ್ಲೇ ಕನ್ನಡ ಕ್ರೈಸ್ತರು ಒಂದಾಗಿಲ್ಲ: ಕರ್ತನ ಪ್ರಾರ್ಥನೆಯನ್ನು ಪ್ರೊಟೆಸ್ಟೆಂಟರು ‘ನಿನ್ನ’ ಎಂದು, ಕಥೋಲಿಕರು ‘ನಿಮ್ಮ’ ಎಂದು ಹೇಳುತ್ತಾರೆ. ಎರಡೂ ನಡೆದುಕೊಂಡು ಬಂದಿವೆ. ‘ಬೋರು ಬತ್ತೋಯ್ತು ಸ್ವಾಮಿ, ಗೂಡಿನ ರೇಟೂ ಬಿದ್ದೋಯ್ತು, ನೀನೇ ನೋಡ್ಕಬೇಕು’ ಎಂದರೂ ಪ್ರಾರ್ಥನೆಯೇ. ಕೀರ್ತನೆಗಳಲ್ಲಿ ಇದಕ್ಕಿಂತ ಖಾರವಾದ ದೂರುಗಳಿವೆ.

ತಪ್ಪು ಕಲ್ಪನೆ: ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನವೇ ಆ ದಿನದ ವಾಗ್ದಾನ.

ಸಂತ ಅಗಸ್ಟೀನ ಹೀಗೆ ತೆರೆದು ಓದಿ ಬದಲಾದ ಕಥೆಯನ್ನು ಮುಂದೊಡ್ಡುವವರಿದ್ದಾರೆ. 386ರಲ್ಲಿ ಮಿಲಾನಿನಲ್ಲಿ ನಡೆದದ್ದು ಅದು, ಬದುಕಿನ ಒಂದು ಬಿಕ್ಕಟ್ಟಿನ ಗಳಿಗೆ. ದಿನಾ ಹಾಗೆ ಮಾಡಿದರೆ ಅದು ಗಿಳಿಶಾಸ್ತ್ರ. ವಚನಕ್ಕೆ ಹಿಂದುಮುಂದು ಇರುತ್ತದೆ, ಮೇಲೆ ಮಾರ್ಕನ ವಚನದಲ್ಲಿ ಕಂಡಂತೆ.

ತಪ್ಪು ಕಲ್ಪನೆ: ಮೊಬೈಲಿನಲ್ಲಿ ಓದಿದರೆ ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿದೆ. ರಾಮನಗರದಿಂದ ರೈಲು ಹತ್ತುವವರಿಗೆ, ಚನ್ನಪಟ್ಟಣದಿಂದ ಬಸ್ಸಿನಲ್ಲಿ ನಿಂತೇ ಹೋಗುವವರಿಗೆ ಅದೇ ಅನುಕೂಲ. ಮನೆಯಲ್ಲಿರುವಾಗ ಮಾತ್ರ ಪುಸ್ತಕ ಮೇಲು, ಅದಕ್ಕೆ ಮೆಸೇಜ್ ಬರುವುದಿಲ್ಲ.

ಹೊಸ ವರ್ಷಕ್ಕೆ ಕಾಯಬೇಡಿ. ನಾಳೆ ಕಾಫಿಗೆ ಹಾಲು ಕಾಯಲು ಇಟ್ಟು ಮಾರ್ಕನ ಮೊದಲ ಅಧ್ಯಾಯ ತೆರೆಯಿರಿ. ಇರುವುದು 45 ವಚನ. ಹಾಲು ಉಕ್ಕುವಂತಾದರೆ ಎದ್ದು ಹೋಗಿ ಇಳಿಸಿ ಬನ್ನಿ, ಉಳಿದದ್ದನ್ನು ಆಮೇಲೆ ಓದಬಹುದು.